ಹಾಯೆಕ್ ಹೇಳಿದ್ದು ಹಾಯೆಕ್‌ಗೂ ಅನ್ವಯಿಸಲಿ

ಫ್ರೀಡ್ರಿಕ್ ಹಾಯೆಕ್ ಅವರ ಹೆಸರು ನಮ್ಮಲ್ಲಿ ಕೇಳಿಬರುವುದು ಹೆಚ್ಚಾಗಿ ಖಾಸಗೀಕರಣದ ಜಗಳದ ನಡುವೆ. ಸರ್ಕಾರ ಉದ್ಯಮಗಳ ತಂಟೆಗೆ ಹೋಗಬಾರದು ಎನ್ನುವವರು ಅವರನ್ನು ಸಾಕ್ಷಿಗೆ ಕರೆಯುತ್ತಾರೆ. ಅದನ್ನು ಒಪ್ಪದವರು ಅವರನ್ನು ಬಂಡವಾಳಿಗರ ವಕೀಲ ಎಂದು ಬದಿಗೆ ಸರಿಸುತ್ತಾರೆ. ಈ ಎರಡೂ ಕಡೆಯವರು ಓದದೆ ಬಿಟ್ಟ ಇನ್ನೊಬ್ಬ ಹಾಯೆಕ್ ಇದ್ದಾರೆ. 1899ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು ಮೊದಲ ಪದವಿ ಪಡೆದದ್ದು ಕಾನೂನಿನಲ್ಲಿ. ವಿದ್ಯಾರ್ಥಿ ದೆಸೆಯಲ್ಲಿ ಅವರ ಮನಸ್ಸು ಎಳೆಯುತ್ತಿದ್ದುದು ಮನೋವಿಜ್ಞಾನದ ಕಡೆಗೆ. ಅರ್ಥಶಾಸ್ತ್ರದಲ್ಲಿ ಹೆಸರು ಮಾಡಿದ ಮೇಲೆ, 1952ರಲ್ಲಿ, ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ‘ದಿ ಸೆನ್ಸರಿ ಆರ್ಡರ್’ ಎಂಬ ಪುಸ್ತಕವನ್ನೂ, ಸಮಾಜವಿಜ್ಞಾನಗಳ ವಿಧಾನದ ಬಗ್ಗೆ ‘ದಿ ಕೌಂಟರ್ ರೆವಲ್ಯೂಷನ್ ಆಫ್ ಸೈನ್ಸ್’ ಎಂಬ ಪುಸ್ತಕವನ್ನೂ ಪ್ರಕಟಿಸಿದರು. 1973ರಿಂದ 1979ರವರೆಗೆ ಕಾನೂನಿನ ಸ್ವರೂಪದ ಕುರಿತು ಮೂರು ಸಂಪುಟಗಳನ್ನು ಹೊರತಂದರು. ಇಷ್ಟೂ ಬರವಣಿಗೆಯಲ್ಲಿ ಹರಿಯುವ ಎಳೆ ಒಂದೇ: ಯಾವ ಒಬ್ಬ ಮನುಷ್ಯನಿಗೂ, ಯಾವ ಒಂದು ಕಚೇರಿಗೂ ಸಮಾಜವನ್ನು ನಡೆಸಲು ಬೇಕಾದಷ್ಟು ತಿಳಿವಳಿಕೆ ಇರಲು ಸಾಧ್ಯವಿಲ್ಲ. ಕಳೆದ ಶತಮಾನ ಕಂಡ ಬಹು ಮುಖ್ಯವಾದ ವಿಚಾರಗಳಲ್ಲಿ ಇದೊಂದು ಎಂದು ನಾನು ನಂಬುತ್ತೇನೆ. ಆದರೆ ಅದನ್ನು ನಿಜವಾಗಿ ಒಪ್ಪಿದವರು ಅದನ್ನು ಸರ್ಕಾರದ ಮೇಲೆ ಮಾತ್ರ ಪ್ರಯೋಗಿಸಿ ಸುಮ್ಮನಾಗುವಂತಿಲ್ಲ. ಮಾರುಕಟ್ಟೆಗೂ, ಪರಂಪರೆಗೂ, ಸ್ವತಃ ಹಾಯೆಕ್ ಅವರ ತೀರ್ಮಾನಗಳಿಗೂ ಅದನ್ನು ಹಚ್ಚಿ ನೋಡಬೇಕು.

ವಿಚಾರದ ಬೇರು ಇರುವುದು ಮನಸ್ಸಿನ ಬಗೆಗಿನ ಅವರ ಸಿದ್ಧಾಂತದಲ್ಲಿ. ಮೊದಲ ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲದಲ್ಲಿ ಉರುವಲಿಲ್ಲದೆ ವಿಯೆನ್ನಾ ವಿಶ್ವವಿದ್ಯಾಲಯ ಬಾಗಿಲು ಹಾಕಿದಾಗ ಯುವಕ ಹಾಯೆಕ್ ಜ್ಯೂರಿಕ್‌ಗೆ ಹೋಗಿ ಕಾನ್‌ಸ್ಟಾಂಟಿನ್ ಫಾನ್ ಮೊನಾಕೋವ್ ಅವರ ಪ್ರಯೋಗಾಲಯದಲ್ಲಿ ಮೆದುಳಿನ ನರತಂತುಗಳ ಜಾಡು ಹಿಡಿಯುವ ಕೆಲಸ ಮಾಡಿದ್ದರು. 1920ರಲ್ಲಿ ಬರೆದ ಒಂದು ಕರಡು ಮೂರು ದಶಕ ಪೆಟ್ಟಿಗೆಯಲ್ಲೇ ಉಳಿದು, ಕೊನೆಗೆ 1952ರ ಪುಸ್ತಕವಾಯಿತು. ಅದರ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಹೊರಗಿನ ಜಗತ್ತು ಇದ್ದ ಹಾಗೇ ಬಂದು ನಮ್ಮ ಮೆದುಳಿನಲ್ಲಿ ಅಚ್ಚಾಗುವುದಿಲ್ಲ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸಂಕೇತಗಳು ಈಗಾಗಲೇ ಇರುವ ನರಗಳ ಸಂಪರ್ಕಗಳ ಮೂಲಕ ಹಾದು, ಯಾವುದು ಯಾವುದರ ಜೊತೆ ಸೇರುತ್ತದೆ ಎಂದು ವಿಂಗಡಣೆಯಾಗುತ್ತವೆ. ಆ ವಿಂಗಡಣೆಯೇ ಅನುಭವ. ಆ ಸಂಪರ್ಕಗಳು ರೂಪುಗೊಂಡದ್ದು ಜೀವಸಂಕುಲದ ವಿಕಾಸದಲ್ಲಿ ಮತ್ತು ವ್ಯಕ್ತಿಯ ಬದುಕಿನಲ್ಲಿ ನಡೆದದ್ದರಿಂದ. ಹಾಗಾಗಿ ಒಬ್ಬೊಬ್ಬರ ಮೆದುಳು ಒಂದೊಂದು ಚರಿತ್ರೆಯನ್ನು ಹೊತ್ತಿರುತ್ತದೆ. ಮೆದುಳಿನೊಳಗೆ ಎಲ್ಲವನ್ನೂ ಆಳುವ ದೊರೆಯಂತೂ ಯಾರೂ ಇಲ್ಲ. ಇದು ಅರ್ಥಶಾಸ್ತ್ರಿಯೊಬ್ಬರ ಹವ್ಯಾಸವೆಂದು ತಳ್ಳಿಹಾಕುವಂಥದ್ದಲ್ಲ. ಇಂದಿನ ಕೃತಕ ಬುದ್ಧಿಮತ್ತೆಯ ಮೂಲಪುರುಷರಲ್ಲಿ ಒಬ್ಬರಾದ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ‘ಪರ್ಸೆಪ್ಟ್ರಾನ್’ ಎಂಬ ಕಲಿಯುವ ಯಂತ್ರದ ಸಿದ್ಧಾಂತವನ್ನು ಮಂಡಿಸಿದಾಗ, ತಮ್ಮ ವಿಚಾರಕ್ಕೆ ಹತ್ತಿರದವರೆಂದು ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಅವರ ಜೊತೆಗೆ ಹೆಸರಿಸಿದ್ದು ಹಾಯೆಕ್ ಅವರನ್ನೇ.

ಈ ಪುಸ್ತಕದ ಕೊನೆಯ ಭಾಗದಲ್ಲಿ ಬರುವ ಒಂದು ತೀರ್ಮಾನ ಹಾಯೆಕ್ ಅವರ ಇಡೀ ಚಿಂತನೆಗೆ ಕೀಲಿಕೈ. ವಿಂಗಡಿಸುವ ಯಾವುದೇ ಯಂತ್ರವು ತಾನು ವಿವರಿಸಬೇಕಾದ ವಸ್ತುವಿಗಿಂತ ಹೆಚ್ಚು ಸಂಕೀರ್ಣವಾಗಿರಬೇಕು. ಆದ್ದರಿಂದ ಮನಸ್ಸು ತನ್ನಷ್ಟೇ ಸಂಕೀರ್ಣವಾದದ್ದನ್ನು, ಅಂದರೆ ತನ್ನನ್ನೇ, ಪೂರ್ತಿಯಾಗಿ ವಿವರಿಸಿಕೊಳ್ಳಲಾರದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ತತ್ವ ನಮಗೆ ತಿಳಿಯಬಹುದು, ಈ ಕ್ಷಣ ಈ ಯೋಚನೆ ಯಾಕೆ ಬಂತು ಎಂಬ ಸೂಕ್ಷ್ಮ ವಿವರ ಸಿಗುವುದಿಲ್ಲ. ಒಂದು ಮನಸ್ಸಿನ ಗತಿಯೇ ಇದಾದರೆ, ಕೋಟ್ಯಂತರ ಮನಸ್ಸುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಾ, ಒಂದನ್ನೊಂದು ತಪ್ಪು ತಿಳಿಯುತ್ತಾ ಬಾಳುವ ಸಮಾಜದ ಗತಿ ಏನು? ಇಲ್ಲಿಂದ ಅವರು ವಿಧಾನದ ಪ್ರಶ್ನೆಗೆ ಬರುತ್ತಾರೆ. ಭೌತವಿಜ್ಞಾನದ ಯಶಸ್ಸನ್ನು ನೋಡಿ, ಅದರ ಅಳತೆಗೋಲನ್ನೇ ಹಿಡಿದು ಸಮಾಜವನ್ನು ಅಳೆಯಲು ಹೊರಟವರ ಚರಿತ್ರೆಯನ್ನು ಅವರು ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್‌ನಿಂದ, ಸೇಂಟ್ ಸೈಮನ್ ಮತ್ತು ಆಗಸ್ಟ್ ಕಾಮ್ಟ್ ಅವರಿಂದ ಹಿಡಿದು ಬರೆದರು. ಸೇತುವೆ ಕಟ್ಟುವ ಎಂಜಿನಿಯರ್ ಸಮಾಜವನ್ನೂ ಹಾಗೆಯೇ ಕಟ್ಟಬಲ್ಲ ಎಂಬ ನಂಬಿಕೆ ಅಲ್ಲಿ ಹುಟ್ಟಿತು ಎಂಬುದು ಅವರ ಆರೋಪ.

1974ರಲ್ಲಿ ಗುನ್ನಾರ್ ಮಿರ್ಡಾಲ್ ಅವರೊಂದಿಗೆ ನೊಬೆಲ್ ಹಂಚಿಕೊಂಡಾಗ ಅವರು ಮಾಡಿದ ಉಪನ್ಯಾಸದ ವಿಷಯವೂ ಇದೇ: ತಿಳಿದಿಲ್ಲದ್ದನ್ನು ತಿಳಿದಿದೆ ಎಂದು ನಟಿಸುವುದು. ಆಗ ಹಣದುಬ್ಬರವೂ ನಿರುದ್ಯೋಗವೂ ಒಟ್ಟೊಟ್ಟಿಗೆ ಏರುತ್ತಿದ್ದವು. ಅರ್ಥಶಾಸ್ತ್ರಜ್ಞರು ಅಳೆಯಲು ಸಿಕ್ಕಿದ್ದನ್ನೇ ಕಾರಣವೆಂದು ಬಗೆದರು, ಅಳೆಯಲು ಸಿಗದ ಕಾರಣಗಳು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಂಡರು ಎಂದು ಅವರು ದೂರಿದರು. ಅಲ್ಲಿ ಅವರು ಕೊಟ್ಟ ಉದಾಹರಣೆ ಚೆಂಡಾಟದ್ದು. ಹೆಚ್ಚುಕಡಿಮೆ ಸಮಾನ ಕೌಶಲದ ಕೆಲವರು ಆಡುತ್ತಿದ್ದಾರೆ. ಪ್ರತಿ ಗಳಿಗೆಯಲ್ಲೂ ಪ್ರತಿ ಆಟಗಾರನ ಗಮನ, ಅವನ ಹೃದಯ, ಶ್ವಾಸಕೋಶ, ಸ್ನಾಯುಗಳ ಸ್ಥಿತಿ ನಮಗೆ ಗೊತ್ತಿದ್ದರೆ ಯಾರು ಗೆಲ್ಲುತ್ತಾರೆಂದು ಹೇಳಬಹುದು. ಅದು ಗೊತ್ತಾಗುವ ದಾರಿಯಿಲ್ಲ. ಆಟದ ನಿಯಮ ಗೊತ್ತಿದ್ದರೆ ಮೈದಾನದಲ್ಲಿ ಎಂಥದ್ದು ನಡೆದೀತು, ಎಂಥದ್ದು ನಡೆಯಲಾರದು ಎಂದಷ್ಟೇ ಹೇಳಬಹುದು. ಸಮಾಜವಿಜ್ಞಾನ ಇಷ್ಟಕ್ಕೆ ತೃಪ್ತಿಪಡಬೇಕು ಎಂದರು. ಅದೇ ಸಮಾರಂಭದ ಔತಣಕೂಟದಲ್ಲಿ, ತಮ್ಮನ್ನು ಕೇಳಿದ್ದರೆ ಅರ್ಥಶಾಸ್ತ್ರಕ್ಕೆ ನೊಬೆಲ್ ಬೇಡವೆಂದೇ ಸಲಹೆ ಕೊಡುತ್ತಿದ್ದುದಾಗಿಯೂ ಹೇಳಿದರು. ಆ ಬಹುಮಾನ ಒಬ್ಬ ವ್ಯಕ್ತಿಗೆ ಅರ್ಥಶಾಸ್ತ್ರದಲ್ಲಿ ಯಾರಿಗೂ ಇರಬಾರದಷ್ಟು ಅಧಿಕಾರವನ್ನು ತಂದುಕೊಡುತ್ತದೆ ಎಂಬುದು ಅವರ ಕಾರಣ. ಈ ಮಾತನ್ನು ನಾವು ಮುಂದೆ ನೆನಪಿಟ್ಟುಕೊಂಡು ನಡೆಯಬೇಕು.

ಈ ನೆಲಗಟ್ಟಿನ ಮೇಲೆ ನಿಂತು ನೋಡಿದರೆ ಮಾರುಕಟ್ಟೆಯ ಬಗ್ಗೆ ಅವರು ಹೇಳಿದ್ದು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. 1945ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ಅವರ ಪುಟ್ಟ ಲೇಖನದಲ್ಲಿ ತವರದ ಪ್ರಸಂಗ ಒಂದಿದೆ. ಜಗತ್ತಿನ ಎಲ್ಲೋ ಒಂದು ಕಡೆ ತವರಕ್ಕೆ ಹೊಸ ಉಪಯೋಗ ಸಿಕ್ಕಿದೆ, ಇಲ್ಲವೇ ಒಂದು ಗಣಿ ನಿಂತುಹೋಗಿದೆ. ಯಾವುದು ಎಂಬುದು ತವರ ಬಳಸುವ ಸಾವಿರಾರು ಜನರಿಗೆ ತಿಳಿಯುವ ಅಗತ್ಯವೇ ಇಲ್ಲ. ಬೆಲೆ ಏರಿತೆಂಬುದಷ್ಟೇ ಅವರಿಗೆ ತಲುಪುತ್ತದೆ. ತಕ್ಷಣ ಕೆಲವರು ತವರವನ್ನು ಉಳಿಸಿ ಬಳಸುತ್ತಾರೆ. ಇನ್ನು ಕೆಲವರು ಬದಲಿ ವಸ್ತುವಿಗೆ ಹೋಗುತ್ತಾರೆ. ಆ ಬದಲಿ ವಸ್ತುವಿನ ಬೆಲೆ ಏರಿ ಅದರ ಬದಲಿಗಳಿಗೂ ಸುದ್ದಿ ಮುಟ್ಟುತ್ತದೆ. ಯಾರೂ ಆದೇಶ ಹೊರಡಿಸಲಿಲ್ಲ, ಇಡೀ ಚಿತ್ರವನ್ನು ಯಾರೂ ಕಾಣಲಿಲ್ಲ, ಆದರೂ ಎಲ್ಲರೂ ಸರಿಯಾದ ದಿಕ್ಕಿಗೆ ಹೆಜ್ಜೆ ಹಾಕಿದರು. ಅದೇ ಲೇಖನದಲ್ಲಿ, ಅರೆಖಾಲಿಯಾಗಿ ಹೋಗುವ ಹಡಗುಗಳಲ್ಲಿ ಸರಕು ತುಂಬಿಸಿ ಬದುಕುವ ವ್ಯಾಪಾರಿಯೊಬ್ಬ ಬರುತ್ತಾನೆ. ಅವನಲ್ಲಿರುವುದು ಯಾವ ಪಠ್ಯಪುಸ್ತಕದಲ್ಲೂ ಬರೆಯದ, ಇಂದು ಉಪಯುಕ್ತವಾಗಿ ನಾಳೆ ನಿರುಪಯುಕ್ತವಾಗುವ ತಿಳಿವಳಿಕೆ. ಇಂಥ ಜನರನ್ನು ದಲ್ಲಾಳಿಗಳೆಂದು ಕೀಳಾಗಿ ಕಾಣುವ ಚಾಳಿ ಸಮಾಜದಲ್ಲಿದೆ. ವಿಜ್ಞಾನಿಯ ಜ್ಞಾನಕ್ಕಿರುವ ಗೌರವ ಸ್ಥಳ ಮತ್ತು ಸಮಯದ ಜ್ಞಾನಕ್ಕೂ ಸಲ್ಲಬೇಕೆಂದು ಹಾಯೆಕ್ ಕೇಳಿದರು. ಗಮನಿಸಬೇಕಾದ್ದು, ಮಾರುಕಟ್ಟೆ ಶ್ರೀಮಂತರನ್ನು ಸೃಷ್ಟಿಸುತ್ತದೆ ಎಂದೋ ಲಾಭ ಪವಿತ್ರವೆಂದೋ ಅವರು ಇಲ್ಲಿ ವಾದಿಸುತ್ತಿಲ್ಲ. ಸಾಮಾನ್ಯರ ತಲೆಗಳಲ್ಲಿ ಹರಡಿಕೊಂಡಿರುವ ಅರಿವು ಹಾಳಾಗದಂತೆ ಬಳಕೆಗೆ ಬರುವ ದಾರಿ ಯಾವುದು ಎಂಬುದು ಅವರ ಪ್ರಶ್ನೆ.

ಇದಕ್ಕೆ ಎದುರಾದ ಗಟ್ಟಿ ಆಕ್ಷೇಪ ಪೋಲೆಂಡಿನ ಅರ್ಥಶಾಸ್ತ್ರಜ್ಞ ಆಸ್ಕರ್ ಲಾಂಗೆ ಅವರದು. ಮಾರುಕಟ್ಟೆ ಮಾಡುವ ಲೆಕ್ಕವನ್ನು ಯೋಜನಾ ಮಂಡಳಿಯೂ ಮಾಡಬಹುದು ಎಂದು ಅವರು 1930ರ ದಶಕದಲ್ಲೇ ವಾದಿಸಿದ್ದರು. ಅವರ ನಿಧನದ ನಂತರ 1967ರಲ್ಲಿ ಬಂದ ಒಂದು ಪ್ರಬಂಧದಲ್ಲಂತೂ, ಆ ಸಮೀಕರಣಗಳನ್ನು ಈಗ ಕಂಪ್ಯೂಟರಿಗೆ ಹಾಕಿದರೆ ಕ್ಷಣದೊಳಗೆ ಉತ್ತರ ಸಿಗುತ್ತದೆ, ಮಾರುಕಟ್ಟೆ ಹಳೆಯ ಕಾಲದ ಲೆಕ್ಕಯಂತ್ರ ಎಂಬ ಧಾಟಿಯಲ್ಲಿ ಬರೆದರು. ಇಂದು ನಮ್ಮ ಪ್ರತಿ ಖರೀದಿ, ಪ್ರತಿ ಪ್ರಯಾಣ ಎಲ್ಲೋ ದಾಖಲಾಗುತ್ತಿರುವಾಗ ಈ ವಾದಕ್ಕೆ ಹೊಸ ಬಲ ಬಂದಿರುವುದು ಸಹಜ. ಆದರೆ ಹಾಯೆಕ್ ಕೊಡುವ ಉತ್ತರ ಕಂಪ್ಯೂಟರಿನ ವೇಗವನ್ನು ಅವಲಂಬಿಸಿಲ್ಲ. ಲೆಕ್ಕಕ್ಕೆ ಬೇಕಾದ ಅಂಕಿಗಳು ಮೊದಲೇ ಎಲ್ಲೋ ರಾಶಿ ಬಿದ್ದಿವೆ, ಕೂಡಿಸುವುದಷ್ಟೇ ಬಾಕಿ ಎಂದು ಲಾಂಗೆ ಭಾವಿಸಿದ್ದರು. ಪೈಪೋಟಿ ಎಂಬುದೇ ಶೋಧನೆಯ ದಾರಿ ಎಂದು 1968ರ ಉಪನ್ಯಾಸದಲ್ಲಿ ಹಾಯೆಕ್ ವಿವರಿಸಿದರು: ಯಾವ ವಸ್ತು ಜನರಿಗೆ ಬೇಕು, ಅದನ್ನು ಎಷ್ಟು ಅಗ್ಗವಾಗಿ ಮಾಡಬಹುದು ಎಂಬುದು ಯಾರೋ ಒಬ್ಬರು ಕೈಸುಟ್ಟುಕೊಳ್ಳುವ ಧೈರ್ಯ ಮಾಡಿ ನೋಡುವವರೆಗೆ ಯಾರಿಗೂ ತಿಳಿದಿರುವುದಿಲ್ಲ. ಇನ್ನೂ ಹುಟ್ಟದ ಅಂಕಿಯನ್ನು ಎಷ್ಟೇ ಶಕ್ತಿಶಾಲಿ ಯಂತ್ರವೂ ಕೂಡಿಸಲಾರದು. ನಿನ್ನೆಯ ಖರೀದಿಯ ದಾಖಲೆ ನಿನ್ನೆ ಇದ್ದ ಆಯ್ಕೆಗಳ ನಡುವೆ ಜನ ಏನು ಮಾಡಿದರೆಂದು ಹೇಳುತ್ತದೆ. ಇಲ್ಲದೆ ಇದ್ದ ಆಯ್ಕೆಯ ಬಗ್ಗೆ ಅದು ಮೌನ.

ನಮ್ಮ ಸೀಮೆಗೆ ಈ ವಾದದೊಂದಿಗೆ ಒಂದು ನೇರ ನಂಟಿದೆ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತಿದ್ದ ಕಾಲಕ್ಕೆ ಹಾಯೆಕ್ ಅಲ್ಲಿ ಉಪನ್ಯಾಸ ಕೊಡಲು ಬಂದಿದ್ದರು. ಆ ಪ್ರಭಾವ ಶೆಣೈ ಅವರಲ್ಲಿ ಕೊನೆವರೆಗೂ ಉಳಿಯಿತು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ದೇಶದ ಉಳಿತಾಯಕ್ಕೆ ಮೀರಿದ ಯೋಜನೆಯನ್ನು ನೋಟು ಮುದ್ರಿಸಿ ನಡೆಸಲು ಹೊರಟರೆ ಹಣದುಬ್ಬರ ಬರುತ್ತದೆ, ಅದನ್ನು ತಡೆಯಲು ನಿಯಂತ್ರಣಗಳ ಮೇಲೆ ನಿಯಂತ್ರಣ ಹೇರಬೇಕಾಗುತ್ತದೆ ಎಂದು ಅವರು ಎಚ್ಚರಿಸಿದರು. ಯೋಜನೆ ಶುರುವಾದ ಎರಡೇ ವರ್ಷದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. ಪರ್ಮಿಟ್ಟು ಲೈಸೆನ್ಸುಗಳ ವ್ಯವಸ್ಥೆ ದಶಕಗಳ ಕಾಲ ಬೆಳೆಯಿತು. ಯೋಜನೆಯಿಂದ ಉಕ್ಕಿನ ಕಾರ್ಖಾನೆಗಳು ಬಂದವು, ಅಣೆಕಟ್ಟುಗಳು ಎದ್ದವು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಯಾವ ಕಾರ್ಖಾನೆ ಎಷ್ಟು ಸ್ಕೂಟರು ಮಾಡಬೇಕೆಂದು ದೆಹಲಿಯ ಕಚೇರಿಯೊಂದು ತೀರ್ಮಾನಿಸುತ್ತಿದ್ದುದಕ್ಕೂ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದುದಕ್ಕೂ ಇದ್ದ ಸಂಬಂಧವನ್ನು ಶೆಣೈ ಅವರಷ್ಟು ಮೊದಲೇ ಕಂಡವರು ವಿರಳ. ಕನ್ನಡ ಕರಾವಳಿಯಿಂದ ಹೋದ ಈ ಚಿಂತಕರನ್ನು ನಾವು ಇಷ್ಟು ಪೂರ್ತಿಯಾಗಿ ಮರೆತದ್ದು ನ್ಯಾಯವಲ್ಲ.

ಕಾನೂನಿನ ವಿಷಯಕ್ಕೆ ಬಂದಾಗಲೂ ಹಾಯೆಕ್ ಇದೇ ದಾರಿಯಲ್ಲಿ ನಡೆಯುತ್ತಾರೆ. ಶಾಸನಸಭೆ ಹೊರಡಿಸಿದ್ದೆಲ್ಲ ಕಾನೂನು ಎಂಬ ರೂಢಿಯ ನಂಬಿಕೆಯನ್ನು ಅವರು ಒಪ್ಪುವುದಿಲ್ಲ. ಇಂಗ್ಲೆಂಡಿನ ಕಾಮನ್ ಲಾ ಪದ್ಧತಿಯಲ್ಲಿ ನ್ಯಾಯಾಧೀಶರು ಒಂದೊಂದು ವ್ಯಾಜ್ಯವನ್ನು ತೀರಿಸುತ್ತಾ, ಹಿಂದಿನ ತೀರ್ಪುಗಳಿಗೆ ಹೊಂದಿಸುತ್ತಾ ಬಂದಂತೆ ನಿಯಮಗಳು ಬೆಳೆದವು. ಅವುಗಳನ್ನು ಯಾರೂ ಕೂತು ಯೋಜಿಸಿದ್ದಲ್ಲ. ಇಂಥ ನಿಯಮಗಳಲ್ಲಿ ಹಲವು ತಲೆಮಾರುಗಳ ಅನುಭವ ಅಡಗಿರುತ್ತದೆ. ಒಂದು ನಿಯಮ ಯಾಕಿದೆ ಎಂದು ವಿವರಿಸಲಾರದ ಜನರೂ ಅದನ್ನು ಪಾಲಿಸಿ ಅದರ ಫಲ ಉಣ್ಣುತ್ತಾರೆ. ಭಾಷೆಯ ವ್ಯಾಕರಣ ತಿಳಿಯದವರೂ ಶುದ್ಧವಾಗಿ ಮಾತನಾಡುವ ಹಾಗೆ ಇದು ನಡೆಯುತ್ತದೆ. ನೀತಿ ನಿಯಮಗಳು ಎಲ್ಲರಿಗೂ ಒಂದೇ ಆಗಿರಬೇಕು, ಮೊದಲೇ ಗೊತ್ತಿರಬೇಕು, ಯಾರನ್ನೋ ಗುರಿಯಾಗಿಟ್ಟು ಮಾಡಿದ್ದಾಗಿರಬಾರದು. ಆಗ ಜನ ತಮ್ಮ ತಮ್ಮ ತಿಳಿವಳಿಕೆಯನ್ನು ನಂಬಿ ಬದುಕು ಕಟ್ಟಿಕೊಳ್ಳಬಹುದು. ಈ ಮಾತಿನ ಬಲವನ್ನು ರಾಜ್ಯಶಾಸ್ತ್ರಜ್ಞೆ ಎಲಿನೋರ್ ಆಸ್ಟ್ರಮ್ ಮುಂದೆ ಬೇರೆ ಕಡೆಯಿಂದ ತೋರಿಸಿಕೊಟ್ಟರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ಕಟ್ಟಳೆ ಇತ್ತು: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸು ಸಾಕಬಲ್ಲನೋ ಅದಕ್ಕಿಂತ ಹೆಚ್ಚು ಹಸುಗಳನ್ನು ಯಾರೂ ಬೇಸಿಗೆಯಲ್ಲಿ ಗುಡ್ಡದ ಗೋಮಾಳಕ್ಕೆ ಬಿಡಕೂಡದು. ಹುಲ್ಲು ಎಷ್ಟಿದೆ ಎಂದು ಅಳೆಯುವ ಅಧಿಕಾರಿ ಬೇಕಿಲ್ಲ, ಗೋಮಾಳವನ್ನು ಹರಾಜು ಹಾಕಬೇಕಿಲ್ಲ. ಪ್ರತಿಯೊಬ್ಬನ ಹೊಲದ ಮೇವೇ ಮಿತಿ ಹೇಳುತ್ತದೆ. ಅಲ್ಲಿ ಬಾಳುವವರಲ್ಲದೆ ಇನ್ಯಾರೂ ಇಂಥ ನಿಯಮವನ್ನು ಕಂಡುಕೊಳ್ಳಲಾರರು.

ಆದರೆ ಟೋರ್ಬೆಲ್‌ನ ಕಟ್ಟಳೆ ಮಾರುಕಟ್ಟೆಯೂ ಅಲ್ಲ ಎಂಬುದನ್ನು ಗಮನಿಸಬೇಕು. ಹಳ್ಳಿಗರು ಕೂಡಿ ಕುಳಿತು ಮಾಡಿಕೊಂಡ ನಿಯಮ ಅದು. ಹರಡಿಹೋದ ಅರಿವನ್ನು ಬಳಸಿಕೊಳ್ಳಲು ಬೆಲೆಯೊಂದೇ ದಾರಿಯಲ್ಲ ಎಂದಾಯಿತು. ಹಾಯೆಕ್ ವಾದವನ್ನು ಹಾಯೆಕ್ ಅನುಯಾಯಿಗಳಿಗಿಂತ ಮುಂದಕ್ಕೆ ಒಯ್ಯಬೇಕಾದ್ದು ಇಲ್ಲಿಂದಲೇ. ಬೆಲೆ ಎಲ್ಲವನ್ನೂ ಹೇಳುವುದಿಲ್ಲ ಎಂದು ಅವರೇ 1944ರ ‘ದಿ ರೋಡ್ ಟು ಸರ್ಫ್‌ಡಮ್’ನಲ್ಲಿ ಒಪ್ಪಿದ್ದರು, ಕಾಡು ಕಡಿಯುವುದರಿಂದ, ಕಾರ್ಖಾನೆಯ ಹೊಗೆಯಿಂದ ಬೇರೆಯವರಿಗಾಗುವ ಹಾನಿ ಮಾಲೀಕನ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಬೇರೆ ಉಪಾಯ ಬೇಕು ಎಂದು ಬರೆದಿದ್ದರು. ಅನ್ನ, ಬಟ್ಟೆ, ವಸತಿಯ ಕನಿಷ್ಠ ಖಾತರಿಯನ್ನು ಸರ್ಕಾರ ಕೊಡಬಹುದು, ಕಾಯಿಲೆ ಅಪಘಾತಗಳಿಗೆ ಸಾಮಾಜಿಕ ವಿಮೆಯನ್ನು ಏರ್ಪಡಿಸಬಹುದು ಎಂದೂ ಅದೇ ಪುಸ್ತಕದಲ್ಲಿದೆ. ಅವರ ಹೆಸರು ಹೇಳಿಕೊಂಡು ಪಡಿತರವನ್ನೂ ಪಿಂಚಣಿಯನ್ನೂ ಹೀಗಳೆಯುವವರು ಆ ಪುಟಗಳನ್ನು ತಿರುವಿ ನೋಡಬೇಕು. ಆ ಪುಸ್ತಕವನ್ನು ಓದಿದ ಅರ್ಥಶಾಸ್ತ್ರಜ್ಞ ಕೇನ್ಸ್, ನೈತಿಕವಾಗಿ ನಿಮ್ಮೊಂದಿಗಿದ್ದೇನೆ ಎಂದು ಮೆಚ್ಚಿ ಪತ್ರ ಬರೆದರು. ಜೊತೆಗೇ ಒಂದು ಪ್ರಶ್ನೆ ಇಟ್ಟರು: ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಬೇಕೆಂದು ನೀವೇ ಒಪ್ಪುತ್ತೀರಿ, ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆಗೆ ಹಾಯೆಕ್ ಕೊನೆವರೆಗೂ ಸಮಾಧಾನಕರ ಉತ್ತರ ಕೊಡಲಿಲ್ಲ. ಕೊಡಲಾಗದ್ದು ಸೋಲೂ ಅಲ್ಲ. ಗೆರೆ ಎಲ್ಲಿರಬೇಕೆಂಬುದೂ ಒಬ್ಬರ ತಲೆಯಲ್ಲಿ ಸಿಗುವ ಉತ್ತರವಲ್ಲ. ಪ್ರಜಾಪ್ರಭುತ್ವದ ವಾಗ್ವಾದದಲ್ಲಿ, ಮಾಡಿ ನೋಡಿ, ತಪ್ಪಿದಲ್ಲಿ ತಿದ್ದಿ ಕಂಡುಕೊಳ್ಳಬೇಕಾದ್ದು.

ಸುಮ್ಮನಿರುವುದೂ ಒಂದು ತೀರ್ಮಾನ ಎಂಬುದನ್ನು 1930ರ ದಶಕ ಕಲಿಸಿತು. 1932ರ ಅಕ್ಟೋಬರಿನಲ್ಲಿ ಕೇನ್ಸ್, ಪಿಗೂ ಮೊದಲಾದ ಅರ್ಥಶಾಸ್ತ್ರಜ್ಞರು ಖರ್ಚು ಹೆಚ್ಚಿಸಬೇಕೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದಾಗ, ಹಾಯೆಕ್ ತಮ್ಮ ಸಹೋದ್ಯೋಗಿಗಳ ಜೊತೆ ಸೇರಿ ಸರ್ಕಾರಿ ವೆಚ್ಚ ಬೇಡ ಎಂದು ಮರುಪತ್ರ ಬರೆದರು. ಬ್ರಿಟನ್ನಿನಲ್ಲಿ ಆಗ ಹತ್ತಿರ ಹತ್ತಿರ 30 ಲಕ್ಷ ಜನ, ಜರ್ಮನಿಯಲ್ಲಿ ಸುಮಾರು 60 ಲಕ್ಷ ಜನ ಕೆಲಸವಿಲ್ಲದೆ ಇದ್ದರು. ಆರ್ಥಿಕತೆ ತಾನಾಗಿ ಸರಿಹೋಗುತ್ತದೆ, ಕೈಹಾಕಿದರೆ ಕೆಡುತ್ತದೆ ಎಂದು ಅಷ್ಟು ಖಚಿತವಾಗಿ ಹೇಳಬೇಕಾದರೆ, ಆ ಸಂಕೀರ್ಣ ವ್ಯವಸ್ಥೆ ಮುಂದೆ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ತಿಳಿಯಲಾಗದು ಎಂಬುದೇ ಅವರ ಸಿದ್ಧಾಂತವಲ್ಲವೇ? ಹಣದ ಹರಿವು ಕುಸಿಯಲು ಬಿಟ್ಟದ್ದು ತಪ್ಪಾಗಿತ್ತು ಎಂದು ಅವರು ಮುಂದೆ ಒಪ್ಪಿಕೊಂಡರು, ಅದು ಅವರ ಪ್ರಾಮಾಣಿಕತೆ. ಆದರೆ ಆ ಪ್ರಸಂಗದಿಂದ ಏಳುವ ತರ್ಕ ಅವರು ಒಪ್ಪಿದ್ದಕ್ಕಿಂತ ದೂರ ಹೋಗುತ್ತದೆ. ಅರಿವಿನ ಮಿತಿಯನ್ನು ಒಪ್ಪಿದ ಮೇಲೆ, ಕೈಹಾಕುವವರಷ್ಟೇ ಕೈಕಟ್ಟಿ ಕೂರುವವರೂ ತಮ್ಮ ಖಚಿತತೆಗೆ ಲೆಕ್ಕ ಒಪ್ಪಿಸಬೇಕು.

ಇನ್ನು ತಾನಾಗಿ ಬೆಳೆದ ಕಟ್ಟಳೆಗಳ ನ್ಯಾಯದ ಪ್ರಶ್ನೆ. ಅವರು ಅಷ್ಟು ಮೆಚ್ಚಿದ ಕಾಮನ್ ಲಾ ಪದ್ಧತಿಯೇ ಶತಮಾನಗಳ ಕಾಲ ಮದುವೆಯಾದ ಹೆಂಗಸಿನ ಸ್ವತ್ತನ್ನು ಗಂಡನ ಕೈಗೆ ಕೊಟ್ಟಿತ್ತು. ಅದನ್ನು ಮುರಿಯಲು 1870ರಲ್ಲಿ, ಮತ್ತೆ 1882ರಲ್ಲಿ ಪಾರ್ಲಿಮೆಂಟೇ ಶಾಸನ ಮಾಡಬೇಕಾಯಿತು. ಜಮೀನುದಾರ ಮತ್ತು ಗೇಣಿದಾರ, ಸಾಲಗಾರ ಮತ್ತು ಸಾಲಿಗನ ನಡುವಿನ ಕಾನೂನು ಒಂದೇ ಪಕ್ಷದ ಕಣ್ಣಿನಿಂದ ರೂಪುಗೊಂಡಿರಬಹುದು, ಆಗ ಶಾಸನ ಮಧ್ಯೆ ಬರಬೇಕು ಎಂದು ಹಾಯೆಕ್ ಮೂರು ಸಂಪುಟಗಳ ಮೊದಲನೆಯದರಲ್ಲಿ ಒಪ್ಪಿದ್ದಾರೆ. ಆದರೆ ಎರಡನೆಯ ಸಂಪುಟದಲ್ಲಿ ಸಾಮಾಜಿಕ ನ್ಯಾಯ ಎಂಬುದೇ ಮರೀಚಿಕೆ ಎಂದರು. ಯಾರೂ ಉದ್ದೇಶಪೂರ್ವಕವಾಗಿ ಹಂಚದ ಸಂಪತ್ತಿನ ಹಂಚಿಕೆಯನ್ನು ನ್ಯಾಯ ಅನ್ಯಾಯ ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದು ಅಲ್ಲಿನ ವಾದ. ಭಾರತದ ಓದುಗರು ಈ ವಾದವನ್ನು ಜಾತಿಯ ಮುಂದೆ ನಿಲ್ಲಿಸಿ ಕೇಳಲೇಬೇಕು. ಜಾತಿ ಪದ್ಧತಿಯನ್ನು ಯಾವ ಒಂದು ಸಭೆಯೂ ಒಂದು ದಿನ ಠರಾವು ಮಾಡಿ ತಂದದ್ದಲ್ಲ. ಆ ಕಾರಣಕ್ಕೆ ಅದರ ಅನ್ಯಾಯ ಕಡಿಮೆಯಾಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಹಾಯೆಕ್ ಅವರದೇ ಅಳತೆಗೋಲಿನಲ್ಲಿ ಅದು ಸೋಲುತ್ತದೆ. ಯಾರು ಯಾವ ಕಸುಬು ಮಾಡಬೇಕು, ಯಾರು ಅಕ್ಷರ ಕಲಿಯಬಾರದು ಎಂದು ಹುಟ್ಟಿನಿಂದಲೇ ಗೆರೆ ಎಳೆಯುವ ಕಟ್ಟಳೆಯು ಕೋಟ್ಯಂತರ ಜನರ ತಿಳಿವಳಿಕೆ ಬೆಳಕಿಗೆ ಬರದಂತೆ ತಡೆದು, ಶೋಧನೆಯ ಬಾಗಿಲನ್ನೇ ಮುಚ್ಚುತ್ತದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು ಬುದ್ಧಿಪೂರ್ವಕವಾಗಿ, ಸಭೆಯಲ್ಲಿ ಕೂತು ಮಾಡಿದ ಶಾಸನದಿಂದ. ಪರಂಪರೆ ತಾನಾಗಿ ತಿದ್ದಿಕೊಳ್ಳುತ್ತದೆಂದು ಕಾಯುವ ತಾಳ್ಮೆಯನ್ನು ಅದರ ಪೆಟ್ಟು ತಿನ್ನದವರು ಪೆಟ್ಟು ತಿಂದವರಿಗೆ ಉಪದೇಶಿಸುವಂತಿಲ್ಲ. ನಿಯಮ ಬೆಳೆದು ಬಂದಿದೆಯೇ ಎಂಬುದರ ಜೊತೆಗೆ, ಬೆಳೆಯುವಾಗ ಯಾರ ಮಾತು ಅದರೊಳಗೆ ಸೇರಿತು, ಯಾರನ್ನು ಹೊರಗಿಡಲಾಯಿತು ಎಂದೂ ಕೇಳಬೇಕು.

ಈ ಪ್ರಶ್ನೆಯನ್ನು ಹಾಯೆಕ್ ಕೇಳದೆ ಹೋದದ್ದರ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಚಿಲಿಯಲ್ಲಿ. 1973ರ ಸೆಪ್ಟೆಂಬರ್ 11ರಂದು ಸೇನೆ ಅಲ್ಲಿನ ಅಧ್ಯಕ್ಷ ಅಯೆಂದೆ ಅವರ ಚುನಾಯಿತ ಸರ್ಕಾರವನ್ನು ಉರುಳಿಸಿತು. ಹಾಯೆಕ್ 1977ರಲ್ಲೂ 1981ರಲ್ಲೂ ಅಲ್ಲಿಗೆ ಹೋದರು. ಸರ್ವಾಧಿಕಾರಿ ಜನರಲ್ ಪಿನೋಚೆ ಆಳ್ವಿಕೆಯಲ್ಲಿ ವ್ಯಕ್ತಿಸ್ವಾತಂತ್ರ್ಯ ಅಯೆಂದೆ ಕಾಲಕ್ಕಿಂತ ಹೆಚ್ಚಿದೆ ಎಂಬುದನ್ನು ಅಲ್ಲಗಳೆಯುವ ಒಬ್ಬರೂ ತಮಗೆ ಸಿಗಲಿಲ್ಲ ಎಂದು 1978ರಲ್ಲಿ ಪತ್ರಿಕೆಗೆ ಬರೆದರು. ಉದಾರವಾದವಿಲ್ಲದ ಪ್ರಜಾಪ್ರಭುತ್ವಕ್ಕಿಂತ ಉದಾರವಾದಿ ಸರ್ವಾಧಿಕಾರಿಯೇ ತಮಗೆ ಮೇಲು ಎಂದು 1981ರಲ್ಲಿ ಅಲ್ಲಿನ ಪತ್ರಿಕೆಗೆ ಹೇಳಿದರು. ಆ ಆಳ್ವಿಕೆಯಲ್ಲಿ 3,000ಕ್ಕೂ ಹೆಚ್ಚು ಜನ ಕೊಲೆಯಾದರು ಅಥವಾ ಕಣ್ಮರೆಯಾದರು ಎಂದು ಚಿಲಿಯ ಅಧಿಕೃತ ತನಿಖೆಗಳೇ ಮುಂದೆ ದಾಖಲಿಸಿದವು. ಭಿನ್ನಮತದ ಒಬ್ಬರೂ ಸಿಗಲಿಲ್ಲವೆಂದರೆ, ಅಂಥವರು ಜೈಲಿನಲ್ಲಿ, ಪರದೇಶದಲ್ಲಿ ಅಥವಾ ಮಣ್ಣಿನಡಿ ಇದ್ದರು. ಹಡಗಿನ ವ್ಯಾಪಾರಿಯ ತಿಳಿವಳಿಕೆಗೆ ಅಷ್ಟು ಮರ್ಯಾದೆ ಕೊಟ್ಟ ಚಿಂತಕ, ಮಗನನ್ನು ಕಳೆದುಕೊಂಡ ತಾಯಿಯ ತಿಳಿವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ವಯಸ್ಸಾದವರ ಎಡವಟ್ಟು ಎಂದು ಮನ್ನಿಸುವವರಿದ್ದಾರೆ. ನಾನು ಒಪ್ಪಲಾರೆ, ಸಿದ್ಧಾಂತದ ಹೃದಯಕ್ಕೇ ತಗುಲಿದ ತಪ್ಪು ಇದು. ಬೆಲೆಯ ಮೂಲಕ ಹರಿಯುವ ಮಾಹಿತಿಯನ್ನು ಮಾತ್ರ ಮಾಹಿತಿ ಎಂದು ಎಣಿಸಿ, ಪತ್ರಿಕೆ, ಚುನಾವಣೆ, ಬೀದಿಯ ಪ್ರತಿಭಟನೆಗಳೂ ಸಮಾಜದಲ್ಲಿ ಹರಡಿದ ಅರಿವನ್ನು ಹೊತ್ತು ತರುತ್ತವೆ ಎಂಬುದನ್ನು ಮರೆತಾಗ ಹೀಗಾಗುತ್ತದೆ. ಅದೇ ಕಾಲಕ್ಕೆ ಬಂದ ಮೂರನೆಯ ಸಂಪುಟದಲ್ಲಿ ಅವರು ಮಾದರಿ ಸಂವಿಧಾನವೊಂದನ್ನೂ ರಚಿಸಿದರು: 45 ವಯಸ್ಸಿನವರನ್ನು ಅದೇ ವಯಸ್ಸಿನವರು 15 ವರ್ಷದ ಅವಧಿಗೆ ಆರಿಸುವ ಶಾಸನಸಭೆ. ಸಮಾಜವನ್ನು ನಕ್ಷೆ ಹಾಕಿ ಕಟ್ಟುವವರ ಬಗ್ಗೆ ಜೀವಮಾನವಿಡೀ ಎಚ್ಚರಿಸಿದವರ ಕೈಯಲ್ಲೇ ನಕ್ಷೆ ಇತ್ತು.

ಹಾಗಾದರೆ ಹಾಯೆಕ್ ಅವರನ್ನು ಬಿಟ್ಟುಬಿಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಈಗಲೇ ಅವರು ಹೆಚ್ಚು ಬೇಕು ಎಂಬುದು. ಅವರ ಕಾಲದ ಯೋಜನಾ ಮಂಡಳಿಗಳು ಹೋದವು. ಅವುಗಳ ಜಾಗಕ್ಕೆ ಬಂದ ಹೊಸ ಯೋಜಕರು ಖಾಸಗಿ ಕಂಪನಿಗಳಲ್ಲಿದ್ದಾರೆ. ಕಂಪನಿಯ ಗೋಡೆಯೊಳಗೆ ಬೆಲೆಯಲ್ಲ, ಆಜ್ಞೆಯೇ ಕೆಲಸ ಮಾಡುತ್ತದೆ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ತೋರಿಸಿದ್ದರು. ಆಗ ಕಂಪನಿ ಒಂದು ಕಾರ್ಖಾನೆಯಾಗಿತ್ತು, ಈಗ ಅದೇ ಇಡೀ ಸಂತೆ. ಟ್ಯಾಕ್ಸಿ ಆ್ಯಪಿನಲ್ಲಿ ಕಾಣುವ ದರವನ್ನು ಚಾಲಕನೂ ಪ್ರಯಾಣಿಕನೂ ಸೇರಿ ಕಂಡುಕೊಂಡದ್ದಲ್ಲ. ಎರಡೂ ಕಡೆಯವರಿಗೆ ಕಾಣದ ಸೂತ್ರವೊಂದು ಅದನ್ನು ಹೇಳುತ್ತದೆ, ನಾಳೆ ಬೇರೆಯದನ್ನು ಹೇಳುತ್ತದೆ. ಯಾವ ರಸ್ತೆಯಲ್ಲಿ ನೀರು ನಿಂತಿದೆ, ಯಾವ ಓಣಿಗೆ ರಾತ್ರಿ ಹೋಗಬಾರದು ಎಂಬ ಚಾಲಕನ ಅರಿವಿಗೆ ಆ ದರದಲ್ಲಿ ಜಾಗವಿಲ್ಲ. ದರ ಒಪ್ಪದಿದ್ದರೆ ಅವನ ರೇಟಿಂಗ್ ಇಳಿಯಬಹುದು. ಇದನ್ನು ಮುಕ್ತ ಮಾರುಕಟ್ಟೆ ಎಂದು ಕರೆದು ಹಾಯೆಕ್ ಹೆಸರಿನಲ್ಲಿ ಸಮರ್ಥಿಸುವುದು ಅವರಿಗೂ ನ್ಯಾಯವಲ್ಲ, ಚಾಲಕನಿಗೂ ನ್ಯಾಯವಲ್ಲ.

ಸರ್ಕಾರದ ಕಡೆಗೂ ಹೊಸ ಯಂತ್ರಗಳು ಬಂದಿವೆ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ವಾಪಸಾಗುವ ವೃದ್ಧರ, ಕಲ್ಲು ಮಣ್ಣಿನ ಕೆಲಸದಲ್ಲಿ ಬೆರಳ ಗೆರೆ ಸವೆದ ಕೂಲಿಕಾರರ ಕಥೆ ದೇಶದ ಹಲವು ಕಡೆ ವರದಿಯಾಗಿದೆ. ಎದುರಿಗೆ ನಿಂತವಳು ಯಾರೆಂದು ಅಂಗಡಿಯವನಿಗೆ ಗೊತ್ತು, ಸಾಲಿನಲ್ಲಿರುವ ನೆರೆಯವರಿಗೆ ಗೊತ್ತು. ದೂರದ ಸರ್ವರಿಗೆ ಮಾತ್ರ ಗೊತ್ತಿಲ್ಲ, ಮತ್ತು ಅಕ್ಕಿ ಕೊಡುವ ತೀರ್ಮಾನ ಅದರದ್ದು. ಸೋರಿಕೆ ತಡೆಯಲು ಯಂತ್ರ ಬೇಕು ಎಂಬ ವಾದದಲ್ಲಿ ಹುರುಳಿದೆ, ಅಂಗಡಿಯವನ ಮಾತೊಂದನ್ನೇ ನಂಬಿದರೆ ಕಳ್ಳ ಲೆಕ್ಕ ಹುಟ್ಟುತ್ತದೆ ಎಂಬುದೂ ನಿಜ. ಅದಕ್ಕೆ ಉತ್ತರ ಹಾಯೆಕ್ ಅವರ ಕಾನೂನಿನ ವಿಚಾರದಲ್ಲೇ ಇದೆ. ಯಂತ್ರ ಯಾವ ನಿಯಮದಿಂದ ನಿರಾಕರಿಸುತ್ತದೆ ಎಂಬುದು ಮೊದಲೇ ಎಲ್ಲರಿಗೂ ತಿಳಿದಿರಬೇಕು. ಬೆರಳಚ್ಚು ಸೋತ ದಿನವೇ, ಗುರುತು ಬಲ್ಲ ಇಬ್ಬರು ನೆರೆಯವರ ಸಹಿ ಪಡೆದು ಧಾನ್ಯ ಕೊಡುವ ಅಧಿಕಾರ ಆ ಕೌಂಟರಿನಲ್ಲೇ ಇರಬೇಕು. ಆ ದಾಖಲೆಯನ್ನು ಗ್ರಾಮಸಭೆ ತಿಂಗಳಿಗೊಮ್ಮೆ ಓದಿಸಿ ಕೇಳಬೇಕು. ನಿರಾಕರಣೆಯಾದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು. ಅದನ್ನು ಹಿಡಿದು ಅವಳು ತಾಲ್ಲೂಕು ಕಚೇರಿಯಲ್ಲಿ ಮೇಲ್ಮನವಿ ಸಲ್ಲಿಸುವಂತಿರಬೇಕು.